ವಕೀಲರ ಕಚೇರಿಯ ಜಾಲತಾಣ ಹುಡುಕಿದವರಿಗೆ ಸಿಗುತ್ತಿದೆಯೇ? ಕೊಡಗಿನ ಕಚೇರಿಗಳಿಗೊಂದು ತಪಾಸಣೆಯ ದಾರಿ

ಎರಡು ವರ್ಷಗಳ ಹಿಂದೆ, ಜುಲೈ ತಿಂಗಳ ಜಡಿಮಳೆಯಲ್ಲಿ, ನನ್ನ ಚಿಕ್ಕಮ್ಮ ನಾಪೋಕ್ಲುವಿನಿಂದ ಬಸ್ಸು ಹಿಡಿದು ಮಡಿಕೇರಿಗೆ ಬಂದಿದ್ದರು. ಚಿಕ್ಕಪ್ಪ ತೀರಿಕೊಂಡು ವರ್ಷ ಕಳೆದಿತ್ತು. ತೋಟದ ಆರ್‌ಟಿಸಿ ಇನ್ನೂ ಅವರ ಹೆಸರಿನಲ್ಲೇ ಇತ್ತು. ಯಾರೋ ಹೇಳಿದ ವಕೀಲರ ಹೆಸರನ್ನು ಫೋನಿನಲ್ಲಿ ಹುಡುಕಿ, ಅದು ತೋರಿಸಿದ ವಿಳಾಸಕ್ಕೆ ಹೋಗಿ, ಕೊಡೆ ಮಡಚಿ ಎರಡನೇ ಮಹಡಿ ಹತ್ತಿದರೆ ಅಲ್ಲಿದ್ದದ್ದು ಹೊಲಿಗೆ ಅಂಗಡಿ. ವಕೀಲರು ಕಚೇರಿ ಬದಲಿಸಿ ಬಹಳ ಕಾಲವಾಯಿತು ಎಂದು ದರ್ಜಿ ಹೇಳಿದರಂತೆ. ಆ ದಿನ ಕೆಲಸವಾಗಲಿಲ್ಲ. ಒದ್ದೆ ಸೀರೆಯಲ್ಲಿ ನಮ್ಮ ಮನೆಗೆ ಬಂದು, ಕೈಯಲ್ಲಿದ್ದ ಕಾಗದದ ಚೀಲವನ್ನು ಒಲೆಯ ಬಳಿ ಒಣಗಲು ಇಟ್ಟರು.

ಮಡಿಕೇರಿಯಲ್ಲಿ ಜಾಲತಾಣಗಳ ಕೆಲಸ ಮಾಡಿಕೊಂಡಿರುವ ನಾನು ಆ ಸಂಜೆ ಆ ಕಚೇರಿಯ ತಾಣವನ್ನು ತೆರೆದು ಕುಳಿತೆ. ನೋಡಲು ಚೆನ್ನಾಗಿಯೇ ಇತ್ತು: ತಕ್ಕಡಿಯ ಚಿತ್ರ, ದಪ್ಪ ಪುಸ್ತಕಗಳ ಸಾಲು, ಚಿನ್ನದ ಬಣ್ಣದ ಅಕ್ಷರಗಳು. ಹೊಸ ವಿಳಾಸವೂ ಇತ್ತು, ಆದರೆ ಸಂಪರ್ಕದ ಪುಟದಲ್ಲಿ ಒಂದು ಚಿತ್ರದೊಳಗೆ. ಗೂಗಲ್ ನಕ್ಷೆಯಲ್ಲಿ ಉಳಿದಿದ್ದದ್ದು ಹಳೆಯದು. ಅಂದಿನಿಂದ ಯಾವ ವಕೀಲರ ಕಚೇರಿಯವರು ಕರೆದರೂ ನಾನು ಹೊಸ ವಿನ್ಯಾಸದ ಮಾತೆತ್ತುವುದಿಲ್ಲ. ಇರುವುದನ್ನು ಮೊದಲು ತಪಾಸಣೆ ಮಾಡೋಣ ಎನ್ನುತ್ತೇನೆ. ತೊಂದರೆಯಲ್ಲಿರುವ ಒಬ್ಬರು ತಮಗೆ ತಿಳಿದ ಮಾತಿನಲ್ಲಿ ಹುಡುಕಿದಾಗ ಸರಿಯಾದ ಬಾಗಿಲು ಕಾಣಿಸಬೇಕು. ತಪಾಸಣೆಯ ಉದ್ದೇಶ ಇಷ್ಟೇ, ಮಿಕ್ಕ ತಾಂತ್ರಿಕ ಮಾತೆಲ್ಲ ಇದಕ್ಕಾಗಿ.

ಕೆಳಗಿನದು ನಾನು ಅನುಸರಿಸುವ ಕ್ರಮ. ಒಂದು ಕಂಪ್ಯೂಟರ್, ಒಂದು ಸಾಧಾರಣ ಆಂಡ್ರಾಯ್ಡ್ ಫೋನ್, ಒಂದು ನೋಟ್‌ಬುಕ್ ಸಾಕು. ಇಪ್ಪತ್ತು ಮೂವತ್ತು ಪುಟಗಳ ತಾಣವಾದರೆ ಎರಡು ದಿನದೊಳಗೆ ಮುಗಿಯುತ್ತದೆ. ಹಣ ಕೊಟ್ಟು ಕೊಳ್ಳುವ ಉಪಕರಣ ಯಾವುದೂ ಬೇಕಿಲ್ಲ.

ಮೊದಲ ಹೆಜ್ಜೆ: ಗುಮಾಸ್ತರ ಪಕ್ಕದಲ್ಲಿ ಕುಳಿತುಕೊಳ್ಳಿ

ಕಂಪ್ಯೂಟರ್ ತೆರೆಯುವ ಮುನ್ನ ಕಚೇರಿಯ ಗುಮಾಸ್ತರ ಬಳಿ ಒಂದು ಗಂಟೆ ಕುಳಿತುಕೊಳ್ಳಿ. ಬಾಗಿಲಿಗೆ ಬಂದವರು ಬಾಯಿ ತೆರೆದು ಮೊದಲು ಏನು ಹೇಳುತ್ತಾರೆ ಎಂಬುದು ಅವರಷ್ಟು ಚೆನ್ನಾಗಿ ವಕೀಲರಿಗೂ ಗೊತ್ತಿರುವುದಿಲ್ಲ. “ಅಜ್ಜನ ಹೆಸರಿನ ಆರ್‌ಟಿಸಿ ನಮ್ಮ ಹೆಸರಿಗೆ ಬರಬೇಕು.” “ಒಕ್ಕದ ಜಾಗದಲ್ಲಿ ನನ್ನ ಪಾಲು ಬಿಡಿಸಿಕೊಡಿ.” “ಪಟ್ಟೆದಾರರು ಸಹಿ ಹಾಕುತ್ತಿಲ್ಲ.” “ಜಮ್ಮಾ ಬಾಣೆ ಮಾರಬಹುದೇ?” “ಕಾಫಿ ವ್ಯಾಪಾರಿ ಕೊಟ್ಟ ಚೆಕ್ ವಾಪಸ್ ಬಂದಿದೆ.” ಇಂಥ ಇಪ್ಪತ್ತು ಮಾತುಗಳನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. (ಹೊರಗಿನವರಿಗಾಗಿ: ಒಕ್ಕ ಎಂದರೆ ಕೊಡವರ ಕೂಡುಕುಟುಂಬ, ಪಟ್ಟೆದಾರ ಅದರ ಹಿರಿಯ, ಜಮ್ಮಾ ಎಂದರೆ ವಂಶಪಾರಂಪರ್ಯದ ಹಿಡುವಳಿ, ಬಾಣೆ ಎಂದರೆ ಗದ್ದೆಗೆ ಸೇರಿದ ಕಾಡುಜಾಗ.)

ಈಗ ಜಾಲತಾಣ ತೆರೆದು ನೋಡಿ. ಅಲ್ಲಿ ‘ಸ್ಥಿರಾಸ್ತಿ ಸಂಬಂಧಿತ ಸಮಗ್ರ ಕಾನೂನು ಪರಿಹಾರಗಳು’ ಎಂದಿರುತ್ತದೆ. ನೋಟ್‌ಬುಕ್ಕಿನ ಇಪ್ಪತ್ತು ಮಾತುಗಳಲ್ಲಿ ಎಷ್ಟು ತಾಣದ ಯಾವುದಾದರೂ ಪುಟದಲ್ಲಿ ಬಂದಿವೆ ಎಂದು ಎಣಿಸಿ. ನಾನು ನೋಡಿದ ಎಷ್ಟೋ ತಾಣಗಳಲ್ಲಿ ‘ಜಮ್ಮಾ’ ಎಂಬ ಪದವೇ ಇರಲಿಲ್ಲ. ಕೊಡಗಿನ ಭೂಮಿಯ ಕಷ್ಟ ಬೇರೆ ಜಿಲ್ಲೆಗಳ ಹಾಗಲ್ಲ. 1899ರ ಕೂರ್ಗ್ ಭೂ ಮತ್ತು ಕಂದಾಯ ರೆಗ್ಯುಲೇಶನ್ ಕಾಲದಿಂದ ಬಂದ ಹಿಡುವಳಿಯ ಹೆಸರುಗಳು, ಒಕ್ಕದ ಹೆಸರಿನಲ್ಲಿ ಒಟ್ಟಾಗಿ ದಾಖಲಾದ ಜಾಗಗಳು, ಆ ಮೇಲೆ ಬಂದ ತಿದ್ದುಪಡಿಗಳು, ಎಲ್ಲವೂ ಇಲ್ಲಿನವರ ಕಡತದಲ್ಲಿ ಕೂಡಿಕೊಂಡಿರುತ್ತವೆ. ಇದನ್ನು ದಿನವೂ ನಿಭಾಯಿಸುವ ಕಚೇರಿಯ ತಾಣ, ಯಾವುದೋ ಮಹಾನಗರದ ಕಚೇರಿಯಿಂದ ನಕಲು ಮಾಡಿದ ಸಾಲುಗಳನ್ನು ಹೊತ್ತು ನಿಂತಿರುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಊರುಗಳ ಹೆಸರನ್ನೂ ಇದೇ ಹೊತ್ತಿನಲ್ಲಿ ಪಟ್ಟಿ ಮಾಡಿ. ‘ಕೂರ್ಗ್’ ಎಂದು ಹುಡುಕಿದರೆ ಹೋಂಸ್ಟೇ, ರೆಸಾರ್ಟ್‌ಗಳು ಮುಂದೆ ಬಂದು ನಿಲ್ಲುತ್ತವೆ. ಊರಿನವರು ಹುಡುಕುವುದು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ಎಂದು, ಅಂದರೆ ತಾಲ್ಲೂಕಿನ ಹೆಸರಿನಿಂದ. ಆದರೆ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಕ್ಕಳು, ಗಡಿಯಲ್ಲಿ ಕೆಲಸದಲ್ಲಿರುವ ಸೈನಿಕರು ಇಂಗ್ಲಿಷಿನಲ್ಲಿ ‘ಕೂರ್ಗ್ ಪ್ರಾಪರ್ಟಿ ಲಾಯರ್’ ಎಂದೇ ಹುಡುಕಬಹುದು. ಎರಡೂ ಬಗೆಯ ಹೆಸರುಗಳು ತಾಣದಲ್ಲಿ ಸಹಜ ವಾಕ್ಯಗಳೊಳಗೆ ಬಂದಿರಬೇಕು. ಪುಟದ ಅಡಿಯಲ್ಲಿ ಊರುಗಳ ಹೆಸರನ್ನು ಸಾಲಾಗಿ ತುರುಕುವುದು ಹಳೆಯ ಚಾಳಿ. ಗೂಗಲ್ ಅದನ್ನು ಸ್ಪ್ಯಾಮ್ ಎಂದು ಪರಿಗಣಿಸುತ್ತದೆ.

ಎರಡನೆಯದು: ವಕೀಲರಿಗೆ ಇರುವ ಗೆರೆ

ಬೇರೆ ವ್ಯಾಪಾರದ ತಾಣಕ್ಕೂ ವಕೀಲರ ತಾಣಕ್ಕೂ ಇರುವ ದೊಡ್ಡ ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಪ್ರತಿ ಹೆಜ್ಜೆಯೂ ಇದಕ್ಕೆ ಒಳಪಟ್ಟದ್ದು. 1961ರ ವಕೀಲರ ಕಾಯ್ದೆಯಡಿ ಭಾರತೀಯ ವಕೀಲರ ಪರಿಷತ್ತು ರೂಪಿಸಿರುವ ನಿಯಮಗಳಲ್ಲಿ 36ನೆಯದು, ವಕೀಲರು ಜಾಹೀರಾತು ನೀಡುವುದನ್ನೂ ಕಕ್ಷಿದಾರರನ್ನು ಬೇಡಿ ಕರೆಯುವುದನ್ನೂ ನಿಷೇಧಿಸುತ್ತದೆ. 2008ರ ತಿದ್ದುಪಡಿಯ ನಂತರ ಜಾಲತಾಣ ಇಟ್ಟುಕೊಳ್ಳಲು ಅವಕಾಶವಾಯಿತು. ಅದರಲ್ಲಿ ಹಾಕಬಹುದಾದ ವಿವರಗಳಿಗೂ ಪಟ್ಟಿ ಇದೆ: ಹೆಸರು, ವಿಳಾಸ, ದೂರವಾಣಿ, ಇಮೇಲ್, ನೋಂದಣಿ ಸಂಖ್ಯೆ ಮತ್ತು ದಿನಾಂಕ, ನೋಂದಾಯಿಸಿಕೊಂಡ ರಾಜ್ಯ ಪರಿಷತ್ತು, ಸದಸ್ಯರಾಗಿರುವ ವಕೀಲರ ಸಂಘ, ವಿದ್ಯಾರ್ಹತೆ, ವಕಾಲತ್ತು ನಡೆಸುವ ಕ್ಷೇತ್ರಗಳು. ಈ ವಿವರಗಳು ಸತ್ಯವೆಂಬ ಘೋಷಣೆಯನ್ನೂ ಕೊಡಬೇಕು. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್, ವಕೀಲರ ಸೇವೆಯನ್ನು ಸರಕಿನಂತೆ ಮಾರುವ ಆನ್‌ಲೈನ್ ತಾಣಗಳ ವಿರುದ್ಧ ಕಟುವಾಗಿ ಬರೆದು, ಕ್ರಮ ಕೈಗೊಳ್ಳುವಂತೆ ಪರಿಷತ್ತಿಗೆ ಸೂಚಿಸಿತು.

ಹಾಗಾಗಿ ತಪಾಸಣೆಯಲ್ಲಿ ಒಂದು ಕೆಂಪು ಪೆನ್ನು ಇಟ್ಟುಕೊಳ್ಳಿ. ‘ಕೊಡಗಿನ ನಂಬರ್ ಒನ್’, ‘ಗೆಲುವು ಖಚಿತ’, ‘ಮೊದಲ ಭೇಟಿ ಉಚಿತ, ಇಂದೇ ಕರೆ ಮಾಡಿ’, ಕಕ್ಷಿದಾರರ ಹೊಗಳಿಕೆಯ ಮಾತುಗಳು, ಗೆದ್ದ ಮೊಕದ್ದಮೆಗಳ ಎಣಿಕೆ, ಇವೆಲ್ಲಕ್ಕೂ ಗೆರೆ ಎಳೆಯಿರಿ. ಜಾಲತಾಣ ಮಾಡಿಕೊಟ್ಟವರು ಬೇರೆ ವ್ಯಾಪಾರಗಳಿಗೆ ಮಾಡುವ ಅಭ್ಯಾಸದಲ್ಲಿ ಇವನ್ನು ಸೇರಿಸಿರುತ್ತಾರೆ, ಉತ್ತರ ಕೊಡಬೇಕಾದವರು ಮಾತ್ರ ವಕೀಲರು. ಗೂಗಲ್‌ನಲ್ಲಿ ಹಣ ಕೊಟ್ಟು ಜಾಹೀರಾತು ಹಾಕಿಸೋಣ ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ. ಕಾನೂನು ತಿಳಿವಳಿಕೆಯ ಪುಟಗಳ ವಿಷಯದಲ್ಲಿ ನಾನು ಪಾಲಿಸುವ ಕ್ರಮ ಇದು: ವಿಷಯವನ್ನು ವಿವರಿಸಬೇಕು, ಕರೆಯಬಾರದು, ಪ್ರತಿ ಸಾಲನ್ನೂ ವಕೀಲರೇ ಓದಿ ಒಪ್ಪಬೇಕು. ಅನುಮಾನವಿದ್ದರೆ ಸಂಘದ ಹಿರಿಯರನ್ನು ಕೇಳಿ, ಆ ಮೇಲೆ ಪ್ರಕಟಿಸಿ.

ಇದೇ ನಿಯಮದ ಭಯದಿಂದ ಹುಟ್ಟಿಕೊಂಡ ಒಂದು ವಸ್ತುವಿದೆ: ತಾಣ ತೆರೆದ ಕೂಡಲೇ ಎದುರಾಗುವ ‘ನಾನು ಒಪ್ಪುತ್ತೇನೆ’ ಎಂಬ ಪೆಟ್ಟಿಗೆ. ಅದು ಇರಲಿ. ಹೇಗೆ ಕಟ್ಟಿದ್ದಾರೆ ಎಂಬುದನ್ನು ಮಾತ್ರ ನೋಡಿ. ಪುಟದ ಮೇಲೆ ತೆರೆಯಂತೆ ಇಳಿದು, ಕೆಳಗೆ ಪಠ್ಯ ಪೂರ್ತಿ ಇದ್ದರೆ ಗೂಗಲ್‌ಗೆ ಓದಲು ಅಡ್ಡಿಯಿಲ್ಲ. ಕೆಲವು ತಾಣಗಳಲ್ಲಿ ಯಾವ ಪುಟಕ್ಕೆ ಹೋದರೂ ಮೊದಲು ಬೇರೊಂದು ಒಪ್ಪಿಗೆಯ ಪುಟಕ್ಕೆ ತಳ್ಳುತ್ತದೆ, ಗುಂಡಿ ಒತ್ತಿದ ಮೇಲೆಯೇ ಒಳಗೆ ಪ್ರವೇಶ. ಗೂಗಲ್‌ನ ಯಂತ್ರ ಗುಂಡಿ ಒತ್ತುವುದಿಲ್ಲ. ಅದರ ಪಾಲಿಗೆ ಇಡೀ ತಾಣವೆಂದರೆ ಆ ಒಂದೇ ಪುಟ. ಒಂದು ಕಚೇರಿಯ ಹೆಸರನ್ನು ಹುಡುಕಿದಾಗ ಕೆಳಗಿನ ಎರಡು ಸಾಲಿನ ವಿವರಣೆಯಲ್ಲಿ ‘ಈ ತಾಣದ ಮಾಹಿತಿ ಜಾಹೀರಾತಲ್ಲ’ ಎಂಬ ವಾಕ್ಯವೇ ಮತ್ತೆ ಮತ್ತೆ ಕಂಡಿತು. ಕಾರಣ ಇದೇ. ಪೆಟ್ಟಿಗೆಯನ್ನು ಅದೇ ಪುಟದ ಮೇಲೆ ಬರುವಂತೆ ಬದಲಿಸಿದರೆ ಸಾಕು, ಒಂದು ಮಧ್ಯಾಹ್ನದ ಕೆಲಸ.

ಮೂರನೆಯದು: ಗೂಗಲ್‌ನ ಪಟ್ಟಿಯಲ್ಲಿ ಇದ್ದೀರಾ?

ಗೂಗಲ್ ಹುಡುಕಾಟದಲ್ಲಿ ಇಂಗ್ಲಿಷಿನ ‘ಸೈಟ್’ ಎಂಬ ಪದ ಬರೆದು, ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ನಿಮ್ಮ ತಾಣದ ವಿಳಾಸ ಬರೆಯಿರಿ. ಗೂಗಲ್ ತನ್ನ ಪಟ್ಟಿಗೆ ಸೇರಿಸಿಕೊಂಡಿರುವ ನಿಮ್ಮ ಪುಟಗಳು ಕಾಣಿಸುತ್ತವೆ. ಇದು ಅಂದಾಜಿಗೆ ಮಾತ್ರ. ಸರಿಯಾದ ಲೆಕ್ಕ ಬೇಕೆಂದರೆ ಗೂಗಲ್ ಸರ್ಚ್ ಕನ್ಸೋಲ್ ಬೇಕು. ಅದು ತಾಣದ ಮಾಲೀಕರಿಗೆ ಗೂಗಲ್ ಉಚಿತವಾಗಿ ಕೊಡುವ ಸಾಧನ. ತಾಣ ನಿಮ್ಮದೇ ಎಂದು ಸಾಬೀತು ಮಾಡಿದರೆ ತೆರೆದುಕೊಳ್ಳುತ್ತದೆ. ಆ ಖಾತೆ ಕಚೇರಿಯ ಇಮೇಲ್‌ನಲ್ಲಿರಲಿ, ತಾಣ ಕಟ್ಟಿದ ಹುಡುಗನ ಇಮೇಲ್‌ನಲ್ಲಿ ಬೇಡ. ಆತ ಬೆಂಗಳೂರಿಗೆ ಹೋಗಿ ಫೋನ್ ಸಂಖ್ಯೆ ಬದಲಿಸಿದ ಮೇಲೆ ಖಾತೆಗಾಗಿ ಪರದಾಡಿದ ಕಚೇರಿಗಳನ್ನು ಕಂಡಿದ್ದೇನೆ. ಡೊಮೇನ್ ಹೆಸರಿನ ನೋಂದಣಿಗೂ ಇದೇ ಮಾತು.

ಸರ್ಚ್ ಕನ್ಸೋಲ್‌ನ ಪುಟಗಳ ವರದಿ ಪಟ್ಟಿಗೆ ಸೇರಿದವು ಎಷ್ಟು, ಸೇರದವು ಎಷ್ಟು, ಏಕೆ ಎಂದು ಹೇಳುತ್ತದೆ. ಪುಟಗಳು ಸೇರಿರದಿದ್ದರೆ ಮೊದಲು ಎರಡು ಕಡೆ ನೋಡಿ. ಒಂದು, ಪುಟದ ತಲೆಭಾಗದ ಸಂಕೇತದಲ್ಲಿ (ಕೋಡ್‌ನಲ್ಲಿ) ‘ನೋಇಂಡೆಕ್ಸ್’, ಅಂದರೆ ಪಟ್ಟಿಗೆ ಸೇರಿಸಬೇಡ ಎಂಬ ಸೂಚನೆ. ತಾಣ ಕಟ್ಟುವಾಗ ಯಾರಿಗೂ ಕಾಣದಿರಲಿ ಎಂದು ಹಾಕಿ, ಆ ಮೇಲೆ ತೆಗೆಯಲು ಮರೆತಿರುತ್ತಾರೆ. ತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಾದರೆ ಓದುವಿಕೆಯ ಸೆಟ್ಟಿಂಗ್‌ನಲ್ಲಿ ಒಂದೇ ಒಂದು ಟಿಕ್ ಗುರುತು ಈ ಕೆಲಸ ಮಾಡಿರುತ್ತದೆ. ಎರಡು, ‘ರೋಬಾಟ್ಸ್’ ಎಂಬ ಹೆಸರಿನ ಪುಟ್ಟ ಕಡತ. ಹುಡುಕಾಟದ ಯಂತ್ರಗಳು ತಾಣದ ಯಾವ ಭಾಗಕ್ಕೆ ಬರಬಾರದು ಎಂದು ಅದು ಹೇಳುತ್ತದೆ. ಅಲ್ಲಿ ಇಡೀ ತಾಣಕ್ಕೆ ಬೀಗ ಬಿದ್ದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ನಂತರ ಸೈಟ್‌ಮ್ಯಾಪ್, ಅಂದರೆ ತಾಣದ ಪುಟಗಳ ಪಟ್ಟಿಯ ಕಡತವನ್ನು ಸರ್ಚ್ ಕನ್ಸೋಲ್‌ನಲ್ಲಿ ಸಲ್ಲಿಸಿ. ತಾಣದ ವಿಳಾಸ ‘ಎಚ್‌ಟಿಟಿಪಿಎಸ್’ನಿಂದ ಆರಂಭವಾಗಬೇಕು, ಹಳೆಯ ‘ಎಚ್‌ಟಿಟಿಪಿ’ ವಿಳಾಸಕ್ಕೆ ಬಂದವರು ತಾವಾಗಿ ಈ ಸುರಕ್ಷಿತ ವಿಳಾಸಕ್ಕೆ ಹೋಗಬೇಕು.

ಒಡೆದ ಕೊಂಡಿಗಳನ್ನು (ಒತ್ತಿದರೆ ಪುಟ ತೆರೆಯದ ಲಿಂಕ್‌ಗಳನ್ನು) ಹುಡುಕಲು ಸ್ಕ್ರೀಮಿಂಗ್ ಫ್ರಾಗ್ ಎಂಬ ತಂತ್ರಾಂಶವಿದೆ. 500 ವಿಳಾಸಗಳವರೆಗೆ ಉಚಿತ. ನಮ್ಮ ಕಡೆಯ ಸಣ್ಣ ಕಚೇರಿಯ ತಾಣಕ್ಕೆ ಧಾರಾಳವಾಯಿತು.

ನಾಲ್ಕನೆಯದು: ನಿಮ್ಮ ಕನ್ನಡ ನಿಜವಾಗಿ ಕನ್ನಡವೇ?

ಇದು ನನಗೆ ಬಹಳ ಮುಖ್ಯವಾದ ಹೆಜ್ಜೆ. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ನಿಮಗೆ ಇದು ಸಾಮಾನ್ಯವಾಗಿ ಸಿಗುವುದಿಲ್ಲ.

ವಕೀಲರ ಕಚೇರಿಗಳಲ್ಲಿ ದಾವೆ, ಅರ್ಜಿ, ಕರಾರುಗಳನ್ನು ವರ್ಷಗಳಿಂದ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿಕೊಂಡು ಬಂದಿದ್ದಾರೆ. ಆ ಫಾಂಟ್‌ಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ‘ಕನ್ನಡ’ ಎಂಬ ಪದವನ್ನೇ ಅಂಥ ಕಡತದಿಂದ ಎತ್ತಿ ಬೇರೆಡೆ ಅಂಟಿಸಿ ನೋಡಿ. ಮೊದಲಿಗೆ ಇಂಗ್ಲಿಷಿನ ಪಿ, ಆ ಮೇಲೆ ತಲೆಯ ಮೇಲೆ ಗೆರೆ ಹೊತ್ತ ಎ, ನಡುವೆ ಬ್ರಿಟನ್ನಿನ ಪೌಂಡ್ ಹಣದ ಚಿಹ್ನೆ. ಗೂಗಲ್‌ಗೆ ಕಾಣುವುದೂ ಅದೇ. ಕಚೇರಿಯ ಹಳೆಯ ಕಡತದಿಂದ ಎತ್ತಿ ತಾಣಕ್ಕೆ ಅಂಟಿಸಿ, ಫಾಂಟ್ ಜೋಡಿಸಿ ಸರಿಯಾಗಿ ಕಾಣುವಂತೆ ಮಾಡಿದ್ದರೂ, ‘ಪೌತಿ ಖಾತೆ’ (ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಎಂದು ಯೂನಿಕೋಡ್‌ನಲ್ಲಿ, ಅಂದರೆ ಇಂದಿನ ಫೋನ್‌ಗಳೆಲ್ಲ ಬಳಸುವ ಅಕ್ಷರ ವ್ಯವಸ್ಥೆಯಲ್ಲಿ ಹುಡುಕುವವರಿಗೆ ಆ ಪುಟ ಎಂದೂ ಸಿಗುವುದಿಲ್ಲ. ಫೋನಿನಲ್ಲಿ ಆ ಫಾಂಟ್ ಇಳಿಯದಿದ್ದರೆ ಓದುವವರಿಗೂ ಪೌಂಡ್ ಚಿಹ್ನೆಗಳೇ ಗತಿ.

ಪರೀಕ್ಷೆ ಸುಲಭ. ಪುಟವನ್ನು ಬ್ರೌಸರ್‌ನಲ್ಲಿ ತೆರೆದು, ಪುಟದೊಳಗೆ ಹುಡುಕುವ ಸೌಲಭ್ಯದಲ್ಲಿ ನಿಮ್ಮ ಫೋನಿನ ಕನ್ನಡ ಕೀಲಿಮಣೆಯಿಂದಲೇ, ಕಣ್ಣಿಗೆ ಕಾಣುತ್ತಿರುವ ಒಂದು ಪದವನ್ನು ಬರೆದು ಹುಡುಕಿ. ಸಿಕ್ಕಿದರೆ ಪಠ್ಯ ಸರಿ. ಸಿಗದಿದ್ದರೆ ಅದು ಹಳೆಯ ಫಾಂಟ್ ಆಗಿರಬೇಕು, ಇಲ್ಲವೇ ಚಿತ್ರವಾಗಿರಬೇಕು. ಹಳೆಯ ಫಾಂಟನ್ನು ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳು ಇವೆ. ಪರಿವರ್ತಿಸಿದ ಮೇಲೆ ಕಣ್ಣಿಟ್ಟು ಒಂದು ಸಲ ಓದಲೇಬೇಕು. ಒತ್ತಕ್ಷರ, ಅರ್ಕಾವತ್ತು, ಅಂಕಿಗಳಲ್ಲಿ ತಪ್ಪು ನುಸುಳುತ್ತದೆ, ಸರ್ವೆ ನಂಬರ್‌ನಲ್ಲೋ ಕಾಯ್ದೆಯ ಇಸವಿಯಲ್ಲೋ ತಪ್ಪಿದರೆ ಕಥೆ ಬೇರೆಯೇ ಆಗುತ್ತದೆ. ಚಿತ್ರದೊಳಗಿನ ವಿಳಾಸ, ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು, ವಾಟ್ಸ್‌ಆ್ಯಪ್ ಪೋಸ್ಟರ್‌ಗಳು, ಇವುಗಳಲ್ಲಿರುವ ಪ್ರತಿ ಮುಖ್ಯ ಮಾತೂ ಪುಟದಲ್ಲಿ ಪಠ್ಯವಾಗಿ ಬರಬೇಕು.

ಕನ್ನಡ ಪುಟಕ್ಕೂ ಇಂಗ್ಲಿಷ್ ಪುಟಕ್ಕೂ ಬೇರೆ ಬೇರೆ ವಿಳಾಸವಿರಲಿ. ಒಂದೇ ವಿಳಾಸದಲ್ಲಿ ಗುಂಡಿ ಒತ್ತಿದರೆ ಭಾಷೆ ಬದಲಾಗುವ ವ್ಯವಸ್ಥೆಯಲ್ಲಿ ಒಂದು ಭಾಷೆ ಗೂಗಲ್‌ನ ಕಣ್ಣಿಗೆ ಬೀಳದೆ ಹೋಗಬಹುದು. ಎರಡು ಪುಟಗಳೂ ಒಂದಕ್ಕೊಂದು ಜೋಡಿ ಎಂದು ತಿಳಿಸಲು ‘ಎಚ್‌ರೆಫ್‌ಲ್ಯಾಂಗ್’ ಎಂಬ ಗುರುತು ಇದೆ, ತಾಣ ನೋಡಿಕೊಳ್ಳುವವರಿಗೆ ಆ ಪದ ಹೇಳಿದರೆ ಸಾಕು. ಯಂತ್ರಾನುವಾದದ ಗುಂಡಿಯನ್ನು ಮಾತ್ರ ಕಿತ್ತುಹಾಕಿ. ಕಾನೂನಿನ ಮಾತು ಯಂತ್ರದ ಕೈಯಲ್ಲಿ ಅರ್ಥ ಬದಲಿಸಿಕೊಂಡರೆ ನಂಬಿ ಓದಿದವರಿಗೆ ನಷ್ಟ.

ಐದನೆಯದು: ಶೀರ್ಷಿಕೆ ಮತ್ತು ಒಳಗಿನ ಹೂರಣ

ಹುಡುಕಾಟದ ಫಲಿತಾಂಶದಲ್ಲಿ ನೀಲಿ ಬಣ್ಣದಲ್ಲಿ ಕಾಣುವ ಸಾಲು ಬಹುಮಟ್ಟಿಗೆ ಪುಟದ ಶೀರ್ಷಿಕೆಯಿಂದ ಬರುತ್ತದೆ. ತಾಣದ ಎಲ್ಲ ಪುಟಗಳ ಶೀರ್ಷಿಕೆಗಳನ್ನು ನೋಟ್‌ಬುಕ್ಕಿಗೆ ಇಳಿಸಿ. ‘ಹೋಮ್’, ‘ಸೇವೆಗಳು’, ‘ಪುಟ 2’ ಎಂದಿದ್ದರೆ ಎಲ್ಲವನ್ನೂ ಬದಲಿಸಬೇಕು. ಒಂದು ಕಚೇರಿಯಲ್ಲಿ ಏಳು ಪುಟಗಳಿಗೂ ಒಂದೇ ಶೀರ್ಷಿಕೆ ಇತ್ತು, ಕಚೇರಿಯ ಹೆಸರು ಮಾತ್ರ. ಭೂಮಿಯ ಪುಟದ ಶೀರ್ಷಿಕೆಯನ್ನು ‘ಪೌತಿ ಖಾತೆ ಬದಲಾವಣೆ: ಬೇಕಾಗುವ ದಾಖಲೆಗಳು ಮತ್ತು ಕ್ರಮ’ ಎಂದು ಬರೆದು, ಕೊನೆಗೆ ಕಚೇರಿಯ ಹೆಸರು ಮತ್ತು ಮಡಿಕೇರಿ ಎಂದು ಸೇರಿಸಿದೆವು. ಗುಮಾಸ್ತರ ನೋಟ್‌ಬುಕ್ಕಿನ ಮಾತನ್ನೇ ಸ್ವಲ್ಪ ಓರಣಗೊಳಿಸಿದ್ದು, ಅಷ್ಟೆ.

ಒಳಗಿನ ಬರಹಕ್ಕೆ ಬನ್ನಿ. ಆರೋಗ್ಯ, ಹಣ, ಕಾನೂನಿನಂಥ ವಿಷಯಗಳಲ್ಲಿ ತಪ್ಪು ಮಾಹಿತಿ ಜನರ ಬದುಕಿಗೆ ಏಟು ಕೊಡಬಲ್ಲದು. ಹೀಗಾಗಿ ಗೂಗಲ್ ಇಂಥ ಪುಟಗಳಲ್ಲಿ ವಿಶ್ವಾಸಾರ್ಹತೆಗೆ ಹೆಚ್ಚು ತೂಕ ಕೊಡುತ್ತದೆ. ಬರೆದವರು ಯಾರು, ಅವರ ಅರ್ಹತೆ ಏನು, ಯಾವಾಗ ಪರಿಷ್ಕರಿಸಿದ್ದು ಎಂಬುದು ಪುಟದಲ್ಲೇ ಕಾಣಬೇಕು. ವಕೀಲರ ಹೆಸರು, ನೋಂದಣಿಯ ವಿವರ ಹಾಕಲು ನಿಯಮದ ಅಡ್ಡಿಯಿಲ್ಲ, ಹಾಗಾಗಿ ಧೈರ್ಯವಾಗಿ ಹಾಕಿ.

ಒಂದು ವಿಷಯಕ್ಕೆ ಒಂದು ಪುಟ. ಚೆಕ್ ಅಮಾನ್ಯದ ಪುಟವನ್ನೇ ತೆಗೆದುಕೊಳ್ಳಿ. ‘ಚೆಕ್ ಬೌನ್ಸ್ ಪ್ರಕರಣಗಳನ್ನು ನಡೆಸುತ್ತೇವೆ’ ಎಂಬ ಒಂದು ಸಾಲು ಯಾರಿಗೂ ಉಪಯೋಗವಿಲ್ಲ. ಬ್ಯಾಂಕಿನಿಂದ ಚೆಕ್ ಮರಳಿದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸ್ ಕಳುಹಿಸಬೇಕು, ನೋಟಿಸ್ ತಲುಪಿದ ಮೇಲೆ ಹಣ ಕೊಡಲು ಎದುರಿನವರಿಗೆ 15 ದಿನ, ಆ ಅವಧಿ ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ಇಷ್ಟು ಬರೆದರೆ ಸುಂಟಿಕೊಪ್ಪದ ಬೆಳೆಗಾರನೊಬ್ಬ ಇಪ್ಪತ್ತೆಂಟನೇ ದಿನ ಅದನ್ನು ಓದಿ ಎಚ್ಚೆತ್ತುಕೊಳ್ಳಬಹುದು. ಹುಡುಕಾಟದಲ್ಲಿ ಮೇಲೆ ಬರಲು ಅರ್ಹತೆ ಇರುವುದು ಅಂಥ ಪುಟಕ್ಕೆ.

ಹಳೆಯ ಪುಟಗಳಲ್ಲಿ ಇನ್ನೊಂದು ದೋಷ ಈಗ ಎದ್ದು ಕಾಣುತ್ತದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ನಿರೀಕ್ಷಣಾ ಜಾಮೀನಿನ ಪುಟದಲ್ಲಿ ಇನ್ನೂ 438ನೇ ಕಲಂ ಮಾತ್ರ ಇದ್ದರೆ ಅದು ಹಳಸಿದ ಪುಟ, ಈಗ ಅದು ಹೊಸ ಸಂಹಿತೆಯ 482. ಆದರೆ ಹಳೆಯ ಸಂಖ್ಯೆಯನ್ನು ಪೂರ್ತಿ ಅಳಿಸಬೇಡಿ. ವಂಚನೆ ಎಂದರೆ ಜನರ ಬಾಯಲ್ಲಿ ಇನ್ನೂ 420, ಕಾನೂನಿನಲ್ಲಿ ಈಗ 318. ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಿ, ಯಾವುದು ಯಾವಾಗಿನಿಂದ ಎಂದು ಸ್ಪಷ್ಟಪಡಿಸಿ. ಜಮ್ಮಾ ಭೂಮಿಯ ಪುಟಗಳ ಮೇಲಂತೂ ಪರಿಷ್ಕರಿಸಿದ ದಿನಾಂಕ ಇಲ್ಲದಿದ್ದರೆ ಪ್ರಕಟಿಸಲೇಬೇಡಿ. ಭೂ ಕಂದಾಯ ಕಾಯ್ದೆಯ 2011ರ ತಿದ್ದುಪಡಿಗೆ ಮುಂಚಿನ ಮಾತನ್ನು ಇಂದಿನದೆಂದು ನಂಬಿ ಯಾರೋ ಕ್ರಯಕ್ಕೆ ಮುಂಗಡ ಕೊಟ್ಟುಬಿಟ್ಟರೆ ಆ ಹೊರೆ ಯಾರದ್ದು?

ಆರನೆಯದು: ಫೋನಿನಲ್ಲಿ, ನೆಟ್‌ವರ್ಕ್ ಕುಂಟುವ ಜಾಗದಲ್ಲಿ

ಗೂಗಲ್ ಈಗ ತಾಣಗಳನ್ನು ಮೊಬೈಲ್ ರೂಪದಲ್ಲೇ ಓದಿ ಅಳೆಯುತ್ತದೆ. ಹಾಗಾಗಿ ಕಚೇರಿಯ ವೈಫೈಯಲ್ಲಿ ಕುಳಿತು ದೊಡ್ಡ ಪರದೆಯಲ್ಲಿ ನೋಡಿ ತೃಪ್ತಿಪಟ್ಟುಕೊಳ್ಳಬೇಡಿ. ಸಾಧಾರಣ ಫೋನ್ ಹಿಡಿದು ಭಾಗಮಂಡಲದ ಕಡೆ ಹೋಗುವ ರಸ್ತೆಯಲ್ಲಿ ಸಿಗ್ನಲ್ ಒಂದೆರಡು ಕಡ್ಡಿ ಇರುವ ಕಡೆ ನಿಂತು ತೆರೆಯಿರಿ. ನಾನು ಹಾಗೆ ನೋಡಿದ ಒಂದು ತಾಣದಲ್ಲಿ ಮೊದಲ ಪುಟದ ಮೇಲ್ಭಾಗ ಬಹಳ ಹೊತ್ತು ಬಿಳಿಯಾಗಿಯೇ ಉಳಿಯಿತು, ದೂರವಾಣಿ ಸಂಖ್ಯೆ ಕಂಡು ಒತ್ತಲು ಹೋಗುವಷ್ಟರಲ್ಲಿ ಮೇಲಿನ ಚಿತ್ರ ಇಳಿದು ಇಡೀ ಪುಟ ಕೆಳಕ್ಕೆ ಜಾರಿತು, ಬೆರಳು ಬೇರೆಲ್ಲೋ ಬಿತ್ತು. ಕಾರಣ ಹುಡುಕಿದರೆ ಕ್ಯಾಮೆರಾದಿಂದ ತೆಗೆದ ಹಾಗೆಯೇ ಏರಿಸಿದ್ದ ಕಚೇರಿಯ ಫೋಟೊ.

ಇದನ್ನು ಅಳೆಯಲು ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಇದೆ. ಮೂರು ಅಂಕಿಗಳನ್ನು ನೋಡಿದರೆ ಸಾಕು. ಪುಟದ ಮುಖ್ಯ ಭಾಗ ಕಾಣಿಸಲು ಹಿಡಿಯುವ ಸಮಯ 2.5 ಸೆಕೆಂಡಿನೊಳಗೆ, ಒತ್ತಿದ್ದಕ್ಕೆ ಪುಟ ಸ್ಪಂದಿಸುವ ಸಮಯ 200 ಮಿಲಿಸೆಕೆಂಡಿನೊಳಗೆ, ಪುಟ ಜಾರಾಡುವ ಅಳತೆ 0.1ರೊಳಗೆ ಇರಬೇಕು. ಫೋಟೊಗಳನ್ನು ಸಣ್ಣದು ಮಾಡಿ, ಪ್ರತಿ ಚಿತ್ರಕ್ಕೂ ಅಗಲ ಎತ್ತರ ನಮೂದಿಸಿ, ತಾನಾಗಿ ಓಡುವ ಚಿತ್ರಮಾಲೆ ತೆಗೆಯಿರಿ. ನಾಲ್ಕು ಬಗೆಯ ಕನ್ನಡ ಫಾಂಟ್ ಇಳಿಸುವ ಅಗತ್ಯವಿಲ್ಲ, ಆಂಡ್ರಾಯ್ಡ್ ಫೋನಿನಲ್ಲೇ ಓದಲು ಯೋಗ್ಯವಾದ ಕನ್ನಡ ಅಕ್ಷರ ಇರುತ್ತದೆ. ದೂರವಾಣಿ ಸಂಖ್ಯೆ ಒತ್ತಿದರೆ ಕರೆ ಹೋಗುವಂತಿರಬೇಕು.

ಏಳನೆಯದು: ನಕ್ಷೆಯ ಮೇಲಿನ ಬಾಗಿಲು

ನನ್ನ ಚಿಕ್ಕಮ್ಮನನ್ನು ಹೊಲಿಗೆ ಅಂಗಡಿಗೆ ಕಳುಹಿಸಿದ್ದು ಈ ಜಾಗ. ಗೂಗಲ್ ನಕ್ಷೆಯಲ್ಲಿ ಕಾಣುವ ಕಚೇರಿಯ ವಿವರವನ್ನು ಬಿಸಿನೆಸ್ ಪ್ರೊಫೈಲ್ ಎನ್ನುತ್ತಾರೆ. ಯಾರು ಹಾಕಿದ್ದೆಂದು ಗೊತ್ತಿಲ್ಲದಿದ್ದರೂ ಅದರ ಒಡೆತನವನ್ನು ಕೇಳಿ ಪಡೆಯಬಹುದು. ಮೊದಲು ಪಡೆಯಿರಿ. ಆ ಮೇಲೆ ಹೆಸರು, ವಿಳಾಸ, ದೂರವಾಣಿ ಈ ಮೂರನ್ನು ಸಾಲಾಗಿ ಪರೀಕ್ಷಿಸಿ: ನಕ್ಷೆಯಲ್ಲಿ, ಜಾಲತಾಣದ ಪ್ರತಿ ಪುಟದ ಅಡಿಯಲ್ಲಿ, ಫೇಸ್‌ಬುಕ್ ಪುಟದಲ್ಲಿ, ಬೇರೆ ಕಡೆ ಕಚೇರಿಯ ಉಲ್ಲೇಖವಿದ್ದರೆ ಅಲ್ಲಿ. ಒಂದು ಕಡೆ 08272ರಿಂದ ಆರಂಭವಾಗುವ, ಎಂದೋ ನಿಂತುಹೋದ ಸ್ಥಿರ ದೂರವಾಣಿ, ಇನ್ನೊಂದು ಕಡೆ ಮೊಬೈಲ್ ಇರುತ್ತದೆ. ಎಲ್ಲವೂ ಒಂದೇ ಆಗಬೇಕು.

ನಕ್ಷೆಯ ಗುರುತನ್ನು ಪರೀಕ್ಷಿಸುವುದಕ್ಕೆ ಕಾಲ್ನಡಿಗೆಗಿಂತ ಒಳ್ಳೆಯ ವಿಧಾನವಿಲ್ಲ. ಬಸ್ ನಿಲ್ದಾಣದಿಂದ ಫೋನ್ ಹಿಡಿದು ಅದು ಹೇಳಿದ ದಾರಿಯಲ್ಲೇ ನಡೆಯಿರಿ. ಮಡಿಕೇರಿಯಂಥ ಏರುತಗ್ಗಿನ ಊರಿನಲ್ಲಿ ಗುರುತು ಹತ್ತು ಮೀಟರ್ ಆಚೆ ಬಿದ್ದರೂ ಅದು ಕೆಳಗಿನ ರಸ್ತೆಯಾಗಿಬಿಡುತ್ತದೆ, ವಯಸ್ಸಾದವರು ಸುತ್ತು ಹಾಕಿ ಮೆಟ್ಟಿಲು ಹತ್ತಬೇಕಾಗುತ್ತದೆ. ಕಟ್ಟಡದ ಹೆಸರು, ಮಹಡಿ, ಹತ್ತಿರದ ಗುರುತು ಬರೆಯಿರಿ. ಕಚೇರಿಯ ಸಮಯವನ್ನು ನಿಜ ಹೇಳಿ: ಬೆಳಿಗ್ಗೆಯಿಂದ ಸಂಜೆಯವರೆಗೆ ವಕೀಲರು ನ್ಯಾಯಾಲಯದಲ್ಲಿರುತ್ತಾರೆ ಎಂದಾದರೆ ಸಂಜೆಯ ಭೇಟಿಯ ಸಮಯವನ್ನೇ ಹಾಕಿ. ಕೈಲ್‌ಪೊಳ್ದ್, ಹುತ್ತರಿಯಂಥ ದಿನಗಳ ರಜೆಯನ್ನು ಮುಂಚಿತವಾಗಿ ನಮೂದಿಸಿ.

ಸ್ಥಳೀಯ ಫಲಿತಾಂಶಗಳಿಗೆ ಹುಡುಕಿದ್ದಕ್ಕೆ ಹೊಂದಿಕೆ, ದೂರ, ಪ್ರಸಿದ್ಧಿ ಎಂಬ ಮೂರು ಆಧಾರಗಳನ್ನು ಗೂಗಲ್ ಹೇಳುತ್ತದೆ. ದೂರ ನಿಮ್ಮ ಕೈಯಲ್ಲಿಲ್ಲ. ವಿರಾಜಪೇಟೆಯಲ್ಲಿ ಕಚೇರಿ ಇಲ್ಲದೆ ಅಲ್ಲಿನ ವಿಳಾಸ ಹಾಕುವುದು ಸುಳ್ಳು, ಗೂಗಲ್‌ನ ನಿಯಮಕ್ಕೂ ವಿರುದ್ಧ. ಕಚೇರಿಯ ಹೆಸರಿನ ಮುಂದೆ ‘ಅತ್ಯುತ್ತಮ ಸಿವಿಲ್ ವಕೀಲರು’ ಎಂದು ಸೇರಿಸುವುದೂ ಹಾಗೆಯೇ. ವಿಮರ್ಶೆಗಳನ್ನು ಬೇಡಿ ಬರೆಸಬೇಡಿ. ತಾವಾಗಿ ಬರೆದದ್ದಕ್ಕೆ ಉತ್ತರಿಸುವಾಗ ಆ ವ್ಯಕ್ತಿಯ ಪ್ರಕರಣದ ಬಗ್ಗೆ ಒಂದು ಪದವೂ ಹೊರಬೀಳಬಾರದು, ಅವರು ನಿಮ್ಮ ಕಕ್ಷಿದಾರರು ಎಂಬುದನ್ನೂ ಒಪ್ಪಿಕೊಳ್ಳಬೇಡಿ.

ಪುಟದ ಸಂಕೇತದಲ್ಲಿ ‘ಲೀಗಲ್ ಸರ್ವಿಸ್’ ಎಂಬ ರಚನೆಯಲ್ಲಿ ಇದೇ ವಿವರಗಳನ್ನು ಯಂತ್ರಕ್ಕೆ ತಿಳಿಯುವಂತೆ ಬರೆದಿಡಬಹುದು. ಬರೆದರೆ ಒಳ್ಳೆಯದು, ಇಲ್ಲದಿದ್ದರೆ ಪ್ರಾಣ ಹೋಗುವುದಿಲ್ಲ. ಬೇರೆ ತಾಣಗಳಿಂದ ಕೊಂಡಿಗಳನ್ನು ಹಣ ಕೊಟ್ಟು ಕೊಡಿಸುತ್ತೇವೆ ಎನ್ನುವವರನ್ನು ಬಾಗಿಲಿನಿಂದಲೇ ಕಳುಹಿಸಿ.

ಎಂಟನೆಯದು: ಸರಿಪಡಿಸುವ ಕ್ರಮ, ಮತ್ತೆ ನೋಡುವ ದಿನ

ನೋಟ್‌ಬುಕ್ಕಿನಲ್ಲಿ ಈಗ ನಲವತ್ತು ಐವತ್ತು ದೋಷಗಳಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಜನರನ್ನು ತಪ್ಪು ಬಾಗಿಲಿಗೆ ಕಳುಹಿಸುವ ದೋಷಗಳು ಮೊದಲು: ವಿಳಾಸ, ಸಂಖ್ಯೆ, ನಕ್ಷೆ. ನಿಯಮ ಮೀರಿದ ಸಾಲುಗಳು ಅದೇ ದಿನ ಹೋಗಬೇಕು. ಮರುದಿನ ನೋಇಂಡೆಕ್ಸ್, ಒಪ್ಪಿಗೆಯ ಪೆಟ್ಟಿಗೆ, ಹಳೆಯ ಫಾಂಟ್. ವೇಗ ಮತ್ತು ಶೀರ್ಷಿಕೆ ಆ ವಾರದಲ್ಲಿ. ಹೊಸ ಪುಟಗಳನ್ನು ತಿಂಗಳಿಗೆ ಎರಡರಂತೆ ಬರೆಯಿರಿ, ವಕೀಲರಿಗೆ ಓದಿ ತಿದ್ದಲು ಸಮಯ ಸಿಗುವುದೇ ಅಷ್ಟು.

ಮೂರು ತಿಂಗಳ ನಂತರ ಸರ್ಚ್ ಕನ್ಸೋಲ್‌ನ ಹುಡುಕಾಟದ ವರದಿ ತೆರೆಯಿರಿ. 16 ತಿಂಗಳ ಲೆಕ್ಕ ಅಲ್ಲಿ ಉಳಿದಿರುತ್ತದೆ. ಜನ ಯಾವ ಪದಗಳಿಂದ ನಿಮ್ಮನ್ನು ತಲುಪಿದರು ಎಂಬ ಪಟ್ಟಿಯನ್ನು ಗುಮಾಸ್ತರ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಫಲಿತಾಂಶದಲ್ಲಿ ಹಲವು ಸಲ ಕಂಡರೂ ಯಾರೂ ಒತ್ತದ ಪುಟವಿದ್ದರೆ ಶೀರ್ಷಿಕೆ ಮಾತಾಡುತ್ತಿಲ್ಲ ಎಂದರ್ಥ, ಅದನ್ನು ಮತ್ತೆ ಬರೆಯಿರಿ. ಗುಮಾಸ್ತರ ಪಟ್ಟಿಯಲ್ಲಿದ್ದು ವರದಿಯಲ್ಲಿ ಒಮ್ಮೆಯೂ ಕಾಣದ ಮಾತು ಸಿಕ್ಕರೆ ಅದಕ್ಕೊಂದು ಪುಟ ಬೇಕಾಗಿದೆ.

ಕಚೇರಿ ಬದಲಿಸುವ ದಿನ ಬಂದರೆ, ಹೊಸ ಬಾಗಿಲಿಗೆ ಬೋರ್ಡ್ ತೂಗುಹಾಕುವ ಮುಂಚೆಯೇ ನಕ್ಷೆಯ ಗುರುತು ಸರಿಸಿ, ತಾಣದ ಅಡಿಯ ವಿಳಾಸ ತಿದ್ದಿ, ಹಳೆಯ ಕಟ್ಟಡದ ಗೋಡೆಗೆ ಹೊಸ ವಿಳಾಸದ ಚೀಟಿ ಅಂಟಿಸಿ. ಆ ಜಾಗಕ್ಕೆ ಮುಂದೆ ಬರುವವರಿಗೂ ನಿಮ್ಮ ಹೊಸ ವಿಳಾಸ ಹೇಳಿಟ್ಟಿರಿ.